ಹೊಟ್ಟೆಯ ಮೇಲಿನ ಗೆರೆ

ಪಕ್ಕದವರ ಮಾತಿಗೆ ಕಿವಿಗೊಟ್ಟದ್ದು ತಪ್ಪು, ಬರೆಯುತ್ತಿರುವುದು ಇನ್ನೂ ದೊಡ್ಡ ತಪ್ಪು, ಕ್ಷಮಿಸಬೇಕು. ಥಾಯ್ ಹೊಸವರ್ಷದ ಸೊಂಗ್‌ಕ್ರಾನ್ ಹಬ್ಬದ ನೀರಾಟ ಮುಗಿದ ಮರುದಿನ, ಆಸ್ಪತ್ರೆಯ ವಿಕಿರಣ ಕೋಣೆಯ ಹೊರಗೆ, ಲಿವರಿನಲ್ಲಿ ಗಡ್ಡೆಯಿದ್ದ ಮುದುಕ ತೊಂಗ್ದಿ ತನ್ನ ತಂಗಿ ಬುವಲಾಯ್ ಜೊತೆ ಕೂತಿದ್ದ. ಅವನ ಅಂಗಿ ಸರಿಪಡಿಸುತ್ತಿದ್ದ ತಂಗಿಯ ಕೈ ನಿಂತಿತು.

"ಅಣ್ಣ, ಕಿರಣ ಎಲ್ಲಿ ಬೀಳ್ಬೇಕು ಅಂತ ಡಾಕ್ಟರು ಹೊಟ್ಟೆ ಮೇಲೆ ಹಾಕಿದ ಗೆರೆ ನೇರಳೆ ಇತ್ತಲ್ಲ, ನೀಲಿ ಹೇಗಾಯ್ತು?"

"ಮೊಮ್ಮಕ್ಕಳು ನೀರು ಹುಯ್ದರು. ಹಬ್ಬದ ದಿನ ಬೇಡ ಅನ್ನೋಕಾಗುತ್ತಾ? ಅಳಿಸ್ಹೋಯ್ತು. ನಾನೇ ಪೆನ್ನಲ್ಲಿ ಎಳ್ಕೊಂಡೆ."

"ನೀನೇ?"

"ನಲವತ್ತು ವರ್ಷ ಬಡಗಿ ಕೆಲಸ ಮಾಡಿದೀನಿ. ಗೆರೆ ಎಳೆಯೋದು ನೀನು ಕಲಿಸ್ತೀಯಾ?"

"ಮರದಲ್ಲಿ ತಪ್ಪಿದ್ರೆ ಬೇರೆ ಹಲಗೆ ತರ್ತೀಯ. ಲಿವರ್ ಎಲ್ಲಿಂದ ತರ್ತೀಯ?"

"ಅದು ಮತ್ತೆ ಬೆಳೆಯುತ್ತಂತೆ."

"ಸ್ವಲ್ಪ ಜಾಗಕ್ಕಾದ್ರೆ ಸುಧಾರಿಸ್ಕೊಳ್ಳುತ್ತೆ. ಒಳ್ಳೇ ಭಾಗದ ಮೇಲೆ ಕಿರಣ ಜಾಸ್ತಿ ಬಿದ್ರೆ ಒಳಗಿನ ಸಣ್ಣ ರಕ್ತನಾಳ ಮುಚ್ಕೊಂಡು ಜೀವಕೋಶಗಳು ಸಾಯ್ತವೆ, ಗೊತ್ತಾಗೋ ಹೊತ್ತಿಗೆ ಒಂದೆರಡು ತಿಂಗಳಾಗಿರುತ್ತೆ ಅಂತ ಡಾಕ್ಟರು ಹೇಳ್ವಾಗ ತಲೆ ಆಡಿಸ್ತಾ ಇದ್ಯಲ್ಲ."

ತೊಂಗ್ದಿ ಅಂಗಿಯನ್ನು ಗೆರೆಯ ಮೇಲೆ ಎಳೆದುಕೊಂಡ.

"ಹೇಳಿದ್ರೆ ಮತ್ತೆ ಅಳತೆ ತಗೋತಾರೆ, ದಿನ ಮುಂದಕ್ಕೆ ಹೋಗುತ್ತೆ. ಯಾಕೆ ಅಂತ ಮನೇಲಿ ಕೇಳ್ತಾರೆ. ನಮ್ಮ ನೀರಿಂದಾನೇ ತಾತನಿಗೆ ಹಿಂಗಾಯ್ತು ಅಂತ ಆ ಮಕ್ಕಳು ಅನ್ಕೊಂಡ್ರೆ?"

"ಬೆವರಿಗೆ ಅಳಿಸ್ತು ಅನ್ನು. ಆ ಸುಳ್ಳಿಗೆ ನಾನೂ ಜೊತೆ. ಆದ್ರೆ ಈ ಗೆರೆ ನಿಂದು ಅನ್ನೋದನ್ನ ಮಾತ್ರ ಡಾಕ್ಟರ ಹತ್ರ ಮುಚ್ಚಿಡ್ಬೇಡ."

ನರ್ಸ್ ಹೆಸರು ಕರೆದಳು. ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಅವನು ಹೇಳಿದನೋ ಇಲ್ಲವೋ, ಅವನ ಗೆರೆ ಎಷ್ಟು ಸರಿದಿತ್ತೋ, ನನಗೆ ಗೊತ್ತಿಲ್ಲ.