ಹೆಸರು ಕರೆಯದೆ ಕಳಿಸಿದ ನೆಂಟ

ಬೆಳಿಗ್ಗೆ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಯೆಲೊಗುಯ್ ಹೊಳೆ ಯೆನಿಸೇ ನದಿಯನ್ನು ಸೇರುವಲ್ಲಿ ಬೇಸಿಗೆಯಲ್ಲಿ ನಮಗೆ ಮನೆಯಾಗುವ ಚಾವಣಿ ದೋಣಿಗಳನ್ನು ಕಟ್ಟಿಹಾಕಿ ಕುಳಿತಿದ್ದೆವು. ಬಲೆ ಬಿಡುವಂತಿರಲಿಲ್ಲ, ಹಿಡಿದ ಮೀನು ಒಣಗುವಂತಿರಲಿಲ್ಲ. ಆ ತಿಂಗಳಲ್ಲಿ ನಮ್ಮಲ್ಲಿ ರಾತ್ರಿಯಾದರೂ ಕತ್ತಲಾಗುವುದಿಲ್ಲ, ಬೆಳಕು ಬೂದಿ ಬಣ್ಣಕ್ಕೆ ತಿರುಗಿ ಹಾಗೇ ನಿಂತುಬಿಡುತ್ತದೆ. ನಿದ್ದೆ ಬಾರದ ಹೆಂಗಸರು, ಮಕ್ಕಳು, ಒದ್ದೆಯಾದ ನಾಯಿಗಳು, ನಾನು, ಎಲ್ಲರೂ ಒಬ್ಬೊಬ್ಬರಾಗಿ ಮಾವ್ರಾ ಅಜ್ಜಿಯ ದೋಣಿಗೆ ನುಗ್ಗಿದೆವು. ಅವಳ ಹಾಗೆ ಕಡುವಾಗಿ ಚಹಾ ಕಾಯಿಸುವವರು ಆ ದಡದಲ್ಲಿ ಬೇರೆ ಯಾರೂ ಇರಲಿಲ್ಲ.

ಅಜ್ಜಿಯ ಮೊಮ್ಮಗಳನ್ನು ಹಿಂದಿನ ಚಳಿಗಾಲದಲ್ಲಿ ಮದುವೆಯಾಗಿದ್ದ ತಿಖೋನ್ ಮೂಲೆಯಲ್ಲಿ ಕುಳಿತು ತನ್ನ ಹೊಸ ಬಿಲ್ಲಿಗೆ ಮೀನಿನ ಅಂಟು ಬಳಿಯುತ್ತಿದ್ದ. ಕೋವಿ ಬಂದು ಎಷ್ಟೋ ಕಾಲವಾಗಿದ್ದರೂ ಮೊದಲ ಕರಡಿಯನ್ನು ಬಿಲ್ಲಿನಿಂದಲೇ ಹೊಡೆಯಬೇಕೆಂಬುದು ನಮ್ಮವರ ಕಟ್ಟಳೆ. ತಿಖೋನ್ ಇನ್ನೂ ಹೊಡೆದಿರಲಿಲ್ಲ.

"ಚಳಿ ಬೀಳ್ಲಿ ಅಜ್ಜಿ," ಎಂದ. "ಎಂಥಾ ಕರಡಿ ತರ್ತೀನಿ ನೋಡ್ತಿರು. ಅದರ ತೊಗಲು ನಿನ್ನ ದೋಣೀಲಿ ಹಿಡಿಸಲ್ಲ."

"ಬಾಯಿ ಮುಚ್ಚೋ ಮುಟ್ಠಾಳ!" ಅಜ್ಜಿ ಚಹಾದ ಬಟ್ಟಲನ್ನು ಕುಕ್ಕಿದಳು. "ತನ್ನ ಓರಗೆಯವನೇನೋ ಅನ್ನೋ ಹಾಗೆ ಹೆಸರು ಹಿಡಿದು ಕರೀತಾನೆ. ನೆಂಟ ಅನ್ನು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಬೇರೆ ಹೊಲಿಸ್ತಾ ಇದ್ದಾನೆ! ನೀನು ತರೋದೇನು, ಮಣ್ಣು. ಬರಬೇಕು ಅಂತ ಅವನಿಗೆ ಮನಸ್ಸಾದ್ರೆ ಅವನೇ ಬರ್ತಾನೆ. ನೀನು ಬಾಗಿಲು ತೆಗೆಯೋನು, ಅಷ್ಟೇ."

ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಚಿಲುಮೆಯನ್ನು ಕೊಡವಿ, ಹೊಸದಾಗಿ ತುಂಬಿ, ತುಂಬಾ ಹೊತ್ತು ತಿಖೋನನ ಬಿಲ್ಲನ್ನೇ ನೋಡಿದಳು. "ನಿಮ್ಮ ತಾತನಿಗೆ ಬಂದ ಮೊದಲನೇ ನೆಂಟನ ಕತೆ ಹೇಳ್ತೀನಿ. ನಡುವೆ ಯಾರಾದ್ರೂ ಕಿಸಿಕಿಸಿ ಅಂದ್ರೆ ಮಳೇಲಿ ಹೊರಗೆ ತಳ್ತೀನಿ," ಎಂದು ಶುರು ಮಾಡಿದಳು.

"ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿಮ್ಮ ತಾತ ಯೆಫಿಮ್‌ಗೆ ಮೀಸೆ ಕೂಡಾ ಸರಿಯಾಗಿ ಬಂದಿರಲಿಲ್ಲ... ನಂಗೆ ಬುದ್ಧಿ ಬಂದಿರಲಿಲ್ಲ, ಸರಿಹೋಯ್ತು ಬಿಡಿ. ಮನೇಲಿ ಇದ್ದೋರು ಅವನು, ನಾನು, ನಮ್ಮತ್ತೆ ಉಸ್ತಿನ್ಯಾ, ಮೂರೇ ಜನ. ಆದ್ರೆ ಅತ್ತೆ ದಿನಾ ಸಾಯಂಕಾಲ ಒಂದು ಹಾಸಿಗೆ ಜಾಸ್ತಿ ಹಾಸೋಳು, ಜಿಂಕೆ ತೊಗಲನ್ನ ಕೊಡವಿ, ಮೇಲೆ ಮೊಲದ ಚರ್ಮದ ಹೊದಿಕೆ ಮಡಿಸಿಟ್ಟು, ದಿಂಬು ತಟ್ಟಿ... ಯಾರಿಗೆ ಅಂತೀರಾ? ಹಿರೀಮಗ ಸಾವೆಲಿಗೆ. ಅಂದ್ರೆ ನನ್ನ ಭಾವ. ನಾನು ಅವನ ಮುಖ ನೋಡಿದೋಳಲ್ಲ. ನಾನು ಬರೋಕೆ ಮುಂಚೆ ಒಂದು ವರ್ಷ, ಎಲೆ ಉದುರೋ ಕಾಲದಲ್ಲಿ, ತುಪ್ಪಳದ ಬೇಟೆಗೆ ಅಂತ ಹೊಳೆ ಮೇಲುಗಡೆ ಹೋದೋನು ತಿರುಗಿ ಬರಲಿಲ್ಲ. ಹುಡುಕೋಕೆ ಹೋದೋರಿಗೆ ಅವನ ಜಾರುಬಂಡಿಯಾಗ್ಲಿ, ಕೈಚೀಲವಾಗ್ಲಿ, ಒಂದು ಮೂಳೆಯಾಗ್ಲಿ ಸಿಗಲಿಲ್ಲ. ಏನಾಗಿದೆ ಅಂತ ಎಲ್ಲರಿಗೂ ಗೊತ್ತಿತ್ತು, ಹೇಳೋ ಧೈರ್ಯ ಯಾರಿಗಿತ್ತು? ಅಪ್ಪಿತಪ್ಪಿ 'ಸಾವೆಲಿ ಇದ್ದಾಗ' ಅಂದ್ರೆ ಸಾಕು, ಅತ್ತೆ ಸೌಟು ಎತ್ಕೊಂಡು ಬರೋಳು. 'ಇದ್ದಾಗ ಅಲ್ಲ, ಇದ್ದಾನೆ! ಹೆತ್ತ ಕರುಳಿಗೆ ತಿಳಿಯದ್ದು ನಿಮಗೆ ತಿಳಿದುಬಿಡ್ತಾ?' ಅನ್ನೋಳು.

"ಹೋಗೋ ಮುಂಚೆ ಸಾವೆಲಿ ತಮ್ಮನಿಗೆ ಅಂತ ಒಂದು ಬಿಲ್ಲು ಮಾಡಿಟ್ಟಿದ್ದ. 'ನಾನು ಬರೋಷ್ಟರಲ್ಲಿ ಇದಕ್ಕೆ ಹೆದೆ ಏರಿಸೋ ಶಕ್ತಿ ಬರಬೇಕು ನಿಂಗೆ, ಇಲ್ದಿದ್ರೆ ಅಮ್ಮನ ಜೊತೆ ಮೀನು ಕೆರೆಯೋಕೆ ಹಾಕ್ತೀನಿ' ಅಂತ ರೇಗಿಸಿದ್ನಂತೆ. ಪಾಪ, ನಿಮ್ಮ ತಾತ ದಿನಾ ಆ ಬಿಲ್ಲಿನ ಜೊತೆ ಗುದ್ದಾಡಿ, ಅಂತೂ ಹೆದೆ ಏರಿಸೋ ಹಾಗಾದ.

"ನಾನು ಬಂದ ವರ್ಷದ ವಸಂತ, ಹಿಮ ಗಟ್ಟಿಯಾಗಿ ಕಾಲು ಹೂತುಹೋಗದ ಹಾಗಾದಾಗ, ನಿಮ್ಮ ತಾತನ ಸೋದರಮಾವ ನಿಕಾನೊರ್ 'ಬಾರೋ ಅಳಿಯಾ, ಎಷ್ಟು ದಿನ ಅಂತ ಹೆಂಡತಿ ಸೆರಗು ಹಿಡ್ಕೊಂಡಿರ್ತೀಯಾ' ಅಂತ ಕರ್ಕೊಂಡು ಹೋದ. ಗುಹೆ ಹುಡುಕಿ, ನಾಯಿ ಬಿಟ್ಟು, ಎಬ್ಬಿಸಿ ಹೊಡೆಯೋದು ತಾನೇ ರೂಢಿ? ಅವತ್ತು ಅದೇನೂ ಬೇಕಾಗಲಿಲ್ಲ. ಬಿಳಿ ತೊಗಟೆಯ ಭೂರ್ಜ ಮರಗಳ ನಡುವೆ, ಬಯಲಲ್ಲಿ, ನೆಂಟ ಎರಡು ಕಾಲ ಮೇಲೆ ಎದ್ದು ನಿಂತಿದ್ದ... ಚಳಿಗಾಲವೆಲ್ಲ ಮಲಗಿ ಬಡಕಲಾಗಿದ್ದ, ತೊಗಲು ಬೇರೆ ಯಾರದ್ದೋ ಇಸ್ಕೊಂಡು ತೊಟ್ಟ ಹಾಗೆ ಜೋತುಬಿದ್ದಿತ್ತು. ನಾಯಿಗಳು ಬೊಗಳಬೇಕಲ್ವಾ? ಬೊಗಳಲಿಲ್ಲ. ಬಾಲ ಆಡಿಸ್ತಾ ಅವನ ಕಾಲಡಿ ಹೋಗಿ ಕೂತವಂತೆ. ನಿಮ್ಮ ತಾತ ಅಣ್ಣನ ಬಿಲ್ಲಿಗೆ ಬಾಣ ಹೂಡೋಕೆ ಹೋದ, ಬಾಣ ಕೆಳಗೆ ಬಿತ್ತು. ಬಗ್ಗಿ ಎತ್ಕೊಂಡ. ಮತ್ತೆ ಬಿತ್ತು. ನೆಂಟ ಕಾದ... ಕೇಳಿದ್ರಾ, ಎದೆ ತೆರೆದು, ಈ ಹುಡುಗ ಹೆದೆ ಎಳೆಯೋ ತನಕ ಕಾದ! ಬಾಣ ನೆಟ್ಟಾಗ ಕೂಗಲೂ ಇಲ್ಲ. ದಣಿದೋನು ಕೂತ ಹಾಗೆ ಕೂತು, ಮಗ್ಗುಲಿಗೆ ಒರಗಿದ.

"ನಿಕಾನೊರ್ ಮಾವ ಕುಣಿದದ್ದೇ ಕುಣಿದದ್ದು. ನಿಮ್ಮ ತಾತ ಮಾತ್ರ ಮನೆಗೆ ಬಂದು ಸೌದೆ ರಾಶಿ ಹತ್ರ ಕೂತ್ಬಿಟ್ಟ. ಏನಾಯ್ತು ಅಂತ ಕೇಳಿದ್ರೆ, 'ಅವನು ನನ್ನ ಮುಖ ನೋಡ್ಲಿಲ್ಲ ಕಣೇ ಮಾವ್ರಾ. ಬಿಲ್ಲನ್ನ ನೋಡ್ತಿದ್ದ' ಅಂದ."

ಅಜ್ಜಿ ಚಿಲುಮೆ ಎಳೆದಳು. ಯಾರೋ ಒಲೆಗೆ ಸೌದೆ ತಳ್ಳಿದರು. ತಿಖೋನ್ ಅಂಟಿನ ಕುಂಚವನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

"ನೆಂಟನ್ನ ಒಳಗೆ ಕರ್ಕೊಂಡು ಬಂದು, ಒಲೆ ಹಿಂದೆ ದೊಡ್ಡೋರು ಕೂರೋ ಜಾಗದಲ್ಲಿ ತಲೆ ಇಟ್ಟು, ಮುಂದೆ ಮೀನೆಣ್ಣೆ, ಹಣ್ಣು, ಹೊಗೆಸೊಪ್ಪು ಎಲ್ಲಾ ಇಟ್ವಿ. ನಿಕಾನೊರ್ ಮಾವ ನೆಂಟನ ಕೊಯ್ದಿಟ್ಟ ಬಲಗೈ ಪಂಜವನ್ನ ಹಿಡ್ಕೊಂಡ. ನಮ್ಮ ಸತ್ತೋರು ಒಂದ್ಸಲ ಮನೆ ನೋಡ್ಕೊಂಡು ಹೋಗೋಣ ಅಂತ ಆ ತೊಗಲು ಹೊದ್ದು ಬರ್ತಾರಲ್ವಾ, ಯಾರು ಬಂದಿರೋದು ಅಂತ ಕೇಳ್ಬೇಡ್ವಾ? ಹೆಸರು ಕರೆದು ಪಂಜ ಎಸೆದ್ರೆ, ಅಂಗಾತ ಬಿದ್ರೆ ಹೌದು, ಕವುಚಿ ಬಿದ್ರೆ ಅಲ್ಲ. ಗುರುತು ಸಿಕ್ಕಿದೋನಿಗೆ ಉಣ್ಣಿಸಿ, ಮನೆ ಸುದ್ದಿ ಹೇಳಿ, 'ಹೋಗಿ ಬಾಪ್ಪಾ' ಅಂದ್ರೆ ತಣ್ಣಗೆ ಹೋಗ್ತಾನೆ. ಗುರುತು ಸಿಗದೆ ಹೋದೋನು...? ಅವನು ಎಲ್ಲಿಗೆ ಅಂತ ಹೋಗ್ತಾನೆ ಹೇಳಿ.

"ನಿಕಾನೊರ್ ಮೊದಲು ತೀರಿಹೋದ ನಮ್ಮ ಮಾವಯ್ಯನ, ಅಂದ್ರೆ ಅತ್ತೆ ಗಂಡನ ಹೆಸರು ಕರೆದ, ಕವುಚಿ ಬಿತ್ತು. ಅಜ್ಜನ ಹೆಸರು, ಕವುಚಿ. ಹೊಳೇಲಿ ಮುಳುಗಿದ ಚಿಕ್ಕಪ್ಪ, ಸಿಡುಬಿಗೆ ಹೋದ ಮಕ್ಕಳು, ಬೇರೆ ಊರಿಗೆ ಕೊಟ್ಟಿದ್ದ ಅತ್ತೆಯಂದಿರು... ಎಲ್ಲರ ಹೆಸರೂ ಮುಗೀತು, ಎಲ್ಲಕ್ಕೂ ಕವುಚಿ. ಉಳಿದದ್ದು ಒಂದೇ ಹೆಸರು. ಎಲ್ಲರ ಕಣ್ಣೂ ನಮ್ಮತ್ತೆ ಮೇಲೆ. ಯಾಕೆ ಅಂದ್ರೆ, ಹೆಣ ಯಾರ ಕಣ್ಣಿಗೂ ಬೀಳದೆ ಹೋದೋನ ಹೆಸರನ್ನ ಅವನ ಹೆತ್ತವಳೇ ಕರೀಬೇಕು. ಬೇರೆಯೋರು ಗಂಟಲು ಹರ್ಕೊಂಡ್ರೂ ಪಂಜ ಉತ್ತರ ಕೊಡಲ್ಲ.

"ನಿಮ್ಮ ತಾತ ಅವಳ ಮುಂದೆ ಮಂಡಿಯೂರಿ ಕೂತ. 'ಅಮ್ಮಾ, ಒಂದ್ಸಲ ಕರಿಯಮ್ಮಾ. ಅಲ್ಲ ಅಂತ ಬಿದ್ರೆ ನಿಂಗೇ ಸಮಾಧಾನ.'

"'ಹೌದು ಅಂತ ಬಿದ್ರೆ?'

"ಅವನು ಅವಳ ಎರಡೂ ಕೈ ಹಿಡ್ಕೊಂಡ.

"'ಹೌದು ಅಂತ ಬಿದ್ರೆ ನಾಳೆಯಿಂದ ನಾನು ಯಾರಿಗೆ ಕಾಯ್ಲೋ, ಯೆಫಿಮ್?' ಅಂದ್ಲು. ಕಿರುಚಲಿಲ್ಲ, ಸೌಟು ಎತ್ತಲಿಲ್ಲ. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನ ನಾನು ಕೇಳಿದ್ದು ಅದೇ ಮೊದಲು. 'ಇವನು ಯಾರೋ ದಾರಿ ತಪ್ಪಿದ ಪರದೇಶಿ. ಊಟ ಹಾಕಿ ಕಳಿಸಿ' ಅಂದು ಮುಖ ತಿರುಗಿಸಿದ್ಲು.

"ಅವಳಿಗೆ ಗೊತ್ತಿರಲಿಲ್ವಾ? ಬೆಳಗಿನ ಜಾವ ನಾನು ಎದ್ದು ನೋಡ್ತೀನಿ, ಆ ತಲೆ ಮುಂದೆ ಕೂತಿದ್ದಾಳೆ. ಕಿವಿ ಹಿಂದಿನ ತುಪ್ಪಳದಲ್ಲಿ ಸಿಕ್ಕೊಂಡಿದ್ದ ಕಸಕಡ್ಡಿಗಳನ್ನ ಒಂದೊಂದಾಗಿ ಬಿಡಿಸಿ, ಬೆರಳಲ್ಲೇ ಬಾಚ್ತಾ ಇದ್ದಾಳೆ... ಮದುವೆಗೆ ಹೊರಟ ಮಗನಿಗೆ ಬಾಚೋ ಹಾಗೆ. ನನ್ನನ್ನ ಕಂಡು ಗದರಿದ್ಲು. 'ಏನು ನೋಡ್ತೀಯಾ? ಪರದೇಶಿಗೂ ಒಬ್ಬಳು ತಾಯಿ ಇರ್ತಾಳೆ.' ನಾನು ಹೊದಿಕೆ ಎಳ್ಕೊಂಡು ಅತ್ತುಬಿಟ್ಟೆ ಕಣ್ರೇ.

"ಹಾಗೆ ಅವನನ್ನ ಹೆಸರಿಲ್ಲದೆ ಕಳಿಸಿದ್ವಿ. ಹೋದ್ನಾ? ಮುಂದಿನ ವಸಂತ ಅದೇ ಮರಗಳ ನಡುವೆ ಹಾಗೇ ನಿಂತಿದ್ದ. ಬಂದ ನೆಂಟನ್ನ ಬಾಗಿಲಿಂದ ತಿರುಗಿಸಿ ಕಳಿಸೋ ಹಾಗಿಲ್ಲ, ನಿಮ್ಮ ತಾತ ಅಳ್ತಾ ಬಾಣ ಬಿಟ್ಟ. ಮತ್ತೆ ಎಲ್ಲರ ಹೆಸರೂ ಕರೆದದ್ದಾಯ್ತು, ಮತ್ತೆ ಅತ್ತೆ ಬಾಯಿ ಬಿಡಲಿಲ್ಲ. ಊರೋರು ಏನಂತಿದ್ರು ಗೊತ್ತಾ? 'ಯೆಫಿಮ್‌ದು ಏನು ಅದೃಷ್ಟನಪ್ಪಾ, ಇವನ ಬಾಣಕ್ಕೆ ತಾವೇ ಬಂದು ನಿಲ್ತಾವೆ!' ಅದೃಷ್ಟವಂತೆ! ಅದರ ಮಾರನೇ ವರ್ಷ ನಿಮ್ಮ ತಾತ ಬಿಲ್ಲು ಮುಟ್ಟಲೇ ಇಲ್ಲ. ಆವಾಗಿನಿಂದ ಶುರುವಾಯ್ತು ನೋಡಿ... ಹಿಮ ಕರಗೋ ದಿನಗಳಲ್ಲಿ ಬೆಳಿಗ್ಗೆ ಎದ್ರೆ ಆ ಖಾಲಿ ಹಾಸಿಗೆ ಒದ್ದೆ. ಮೈಯಿಂದ ಕರಗಿ ಇಳಿದ ಹಿಮದ ನೀರು, ಮಧ್ಯದಲ್ಲಿ ದೊಡ್ಡ ದೇಹ ಮಲಗಿದ್ದ ತಗ್ಗು, ದಿಂಬಿನ ಮೇಲೆ ಒರಟು ಕಂದು ಕೂದಲು. ಬಾಗಿಲು ಒಳಗಿಂದ ಹಾಕಿದ್ದು ಹಾಕಿದ ಹಾಗೇ ಇರೋದು. ಅತ್ತೆ ಮಾತಿಲ್ಲದೆ ಕೂದಲು ಆರಿಸಿ, ತೊಗಲನ್ನ ಒಲೆ ಮುಂದೆ ಒಣಗಿಸಿ, ಸಾಯಂಕಾಲ ಮತ್ತೆ ಹಾಸೋಳು. 'ಸಾವೆಲಿ ಬಂದಾಗ ಬೆಚ್ಚಗಿರಬೇಕು' ಅನ್ನೋಳು. ಬಂದು ಮಲಗಿ ಎದ್ದುಹೋದ ಮಗನ ಹಾಸಿಗೆ ಒಣಗಿಸ್ತಾ, ಮಗ ಬರ್ತಾನೆ ಅಂತ ಕಾಯೋಳು... ಇದಕ್ಕೇನು ಹೇಳ್ತೀರಿ?

"ವರ್ಷಗಟ್ಟಲೆ ಹಾಗೇ ನಡೀತು. ನನಗೆ ಮಕ್ಕಳಾದ್ವು, ಅವಳ ಬೆನ್ನು ಬಾಗ್ತು. ಕೊನೇ ಉಸಿರಿನ ಹೊತ್ತಲ್ಲಿ ನಿಮ್ಮ ತಾತ ಅವಳ ಕಿವಿ ಹತ್ರ ಬಗ್ಗಿ, 'ಈಗಲಾದ್ರೂ ಅವನ ಹೆಸರು ಕರೆದು ಬಿಟ್ಟುಕೊಡಮ್ಮಾ, ಅವನು ಸುಸ್ತಾಗಿದ್ದಾನೆ' ಅಂತ ಬೇಡ್ಕೊಂಡ. ಅವಳು ಕಣ್ಣನ್ನ ಬಾಗಿಲಿಂದ ತೆಗೀಲಿಲ್ಲ. 'ನಾನು ಹೋದ್ಮೇಲೂ ಹಾಸಿಗೆ ಎತ್ತಬೇಡಿ' ಅಂದ್ಲು, ಹೋದ್ಲು."

"ಹಾಗಾದ್ರೆ ಸತ್ತ ಮೇಲೆ ಇಬ್ಬರೂ ಅಲ್ಲಿ ಸೇರಿರಬೇಕಲ್ಲ ಅಜ್ಜಿ?" ತಿಖೋನ್ ತಡೆಯಲಾರದೆ ಕೇಳಿದ. ಅಜ್ಜಿ ಅವನನ್ನು ಮಳೆಗೆ ತಳ್ಳಲಿಲ್ಲ.

"ನಾವೂ ಹಾಗೇ ಅಂದ್ಕೊಂಡಿದ್ವಿ ಮಗಾ. ಹೇಗೋ ಆಗ್ಲಿ, ಈಗ ಅಮ್ಮ ಮಗ ಒಂದಾದ್ರು ಅಂತ ನಿಮ್ಮ ತಾತ ಎಷ್ಟೋ ವರ್ಷದ ಮೇಲೆ ನೆಮ್ಮದಿಯಾಗಿ ಉಂಡ. ಕೆಲವು ವರ್ಷ ಕಳೀತು. ಒಂದು ವಸಂತ, ಮುದಿ ಹೆಣ್ಣು ನೆಂಟಳೊಬ್ಬಳು, ಬೆನ್ನು ಬಾಗಿದೋಳು, ನೆಟ್ಟಗೆ ನಮ್ಮ ಬಾಗಿಲಿಗೇ ಬಂದು ನಿಂತ್ಲು. ತಾತ ಆ ಹಳೇ ಬಿಲ್ಲು ತೆಗೆದ. ಪಂಜ ಎಸೆದು 'ಉಸ್ತಿನ್ಯಾ' ಅಂದಿದ್ದೇ ತಡ, ಅಂಗಾತ ಬಿತ್ತು. ನಮಗೆಲ್ಲ ಖುಷಿಯೋ ಖುಷಿ. 'ಯಾರನ್ನ ನೋಡೋಕೆ ಬಂದೆ ಅಮ್ಮಾ, ನನ್ನನ್ನಾ?' ಅಂದ ತಾತ. ಕವುಚಿ ಬಿತ್ತು. 'ಮೊಮ್ಮಕ್ಕಳನ್ನಾ?' ಕವುಚಿ. ತಾತ ಪಂಜವನ್ನ ಎದೆಗೊತ್ಕೊಂಡು ಕೇಳಿದ. 'ಅಣ್ಣ ಮನೆಗೆ ಬಂದ್ನಾ ಅಂತ ಕೇಳೋಕೆ ಬಂದ್ಯಾ?'

"ಅಂಗಾತ ಬಿತ್ತು.

"ಅರ್ಥವಾಯ್ತಾ? ಬದುಕಿದ್ದಾನೆ ಅಂತ ನಂಬಿರೋ ತಾಯಿ ಸತ್ತೋರ ನಡುವೆ ಮಗನ್ನ ಯಾಕೆ ಹುಡುಕ್ತಾಳೆ? ಅವನು ಪಕ್ಕದಲ್ಲೇ ಹಾದುಹೋದ್ರೂ ಪರದೇಶಿ ಅಂತ ದಾರಿ ಬಿಟ್ಟುಕೊಡ್ತಾಳೆ. ಅವಳ ಹೆಸರು ಕರೆದು, ಉಣ್ಣಿಸಿ, 'ಹೋಗಿ ಬಾ' ಅಂತ ಕಳಿಸ್ತೀವಿ, ಮತ್ತೆ ಬರ್ತಾಳೆ. ಅವನ ಹೆಸರು ಕರೆಯೋಳು ಅವಳೊಬ್ಬಳೇ ಇದ್ದದ್ದು, ಅವಳೂ ಹೋದ್ಲು. ಅವನು ಎಲ್ಲಿಗೆ ಹೋಗ್ಬೇಕು ಪಾಪ? ನಿಮ್ಮ ತಾತ ಇದೇ ಕೊರಗಲ್ಲೇ ಕಣ್ಣು ಮುಚ್ಚಿದ."

ಅಜ್ಜಿ ಬಟ್ಟಲಲ್ಲಿ ಉಳಿದಿದ್ದ ಚಹಾ ಕುಡಿದಳು. ಕತೆ ಮುಗಿಯಿತೆಂದುಕೊಂಡು ಒಬ್ಬಿಬ್ಬರು ಎದ್ದರು. ಅವಳು ಚಿಲುಮೆಯ ತುದಿಯಿಂದ ತಿಖೋನನ ಮೊಣಕಾಲಿಗೆ ಮೆಲ್ಲನೆ ತಟ್ಟಿದಳು.

"ಈ ವಸಂತ, ನದಿ ಮೇಲಿನ ಮಂಜುಗಡ್ಡೆ ಒಡೆದ ದಿನ, ನೀನು ಏದುಸಿರು ಬಿಡ್ತಾ ಓಡಿಬಂದೆಯಲ್ಲೋ... 'ಎರಡಿದ್ದಾವೆ ಅಜ್ಜಿ, ಈ ದಡದಲ್ಲಿ ಒಂದು, ಆ ದಡದಲ್ಲಿ ಒಂದು' ಅಂತ? ಅವನ ಹೆಸರು ಕರೆಯೋರೇ ಇಲ್ಲದ ಮೇಲೆ ಹೊಡೆದು ಏನು ಬಂತು ಅಂತ ನಾನು ಹೊಡೀಬೇಡ ಅಂದಿದ್ದಕ್ಕೆ ಊಟ ಬಿಟ್ಟು ಮುನಿಸ್ಕೊಂಡೆ. ಆಮೇಲೆ ನೀನೇ ಕೇಳಿದೆ, ಅಷ್ಟು ಹೊತ್ತು ಎದುರುಬದುರು ನಿಂತಿದ್ರೂ ಒಂದನ್ನೊಂದು ಯಾಕೆ ನೋಡ್ತಾ ಇಲ್ಲ ಅಂತ. ಹೇಗೆ ನೋಡ್ತಾರೆ ಮಗಾ? ಅಮ್ಮ ಇನ್ನೂ ಮನೇಲಿದ್ದಾಳೆ ಅಂತ ಅವನು, ಮಗ ಇವತ್ತಾದ್ರೂ ಮನೆಗೆ ಬಂದಿರಬಹುದು ಅಂತ ಅವಳು... ಇಬ್ಬರೂ ನಮ್ಮ ಒಲೆ ಹೊಗೇನೇ ನೋಡ್ತಾ ನಿಂತಿದ್ರು."