ತಲೆಯಿಲ್ಲದ ಮೌನಗೌರಿಗೆ ಸನ್ಮಾನ

ಅಧ್ಯಕ್ಷಪೀಠ ಅಲಂಕರಿಸಿರುವ, ಪೀಠ ಗಟ್ಟಿಯಾಗಿದೆ ಎಂದು ಆಗಲೇ ಎರಡು ಸಲ ದೂರಿರುವ ನಮ್ಮ ಹೊಲಿಗೆ ಕಾರ್ಖಾನೆಯ ಯಜಮಾನರೇ, ಮುಖ್ಯ ಅತಿಥಿಗಳಾದ ಆಸ್ಪತ್ರೆಯ ಹಿರಿಯ ಸಿಸ್ಟರ್ ಅವರೇ, ಮುಂದಿನ ಸಾಲಿನಲ್ಲಿ ಆಹ್ವಾನ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿರುವ ಕಟಿಂಗ್ ಮಾಸ್ಟರ್, ಅಂದರೆ ನನ್ನ ಚಿಕ್ಕಮ್ಮನವರೇ, ಮತ್ತು ತಿಂಡಿಯ ವಾಸನೆ ಯಾವ ಬಾಗಿಲಿನಿಂದ ಬರುತ್ತಿದೆ ಎಂಬ ಸಂಶೋಧನೆಯಲ್ಲಿ ಮುಳುಗಿರುವ ಸಭಿಕರೇ,

ಇಂದಿನ ಸನ್ಮಾನಿತರನ್ನು ಪರಿಚಯಿಸುವ ಭಾಗ್ಯ ಗುಂಡಿಗೆ ಕಾಜಾ ಹಾಕುವ ನನ್ನ ಪಾಲಿಗೆ ಬಂದಿದೆ. ಅವರು ವೇದಿಕೆಯ ಎಡಗಡೆ ನಿಂತಿದ್ದಾರೆ. ಕೂರಿ ಎಂದೆವು, ಕೂರಲಿಲ್ಲ. ಅವರಿಗೆ ತಲೆಯಿಲ್ಲ, ಕೈಯಿಲ್ಲ, ಇರುವುದು ಒಂದೇ ಕಾಲು. ಆದರೂ ಒಂದು ದಿನ ರಜೆ ಕೇಳಿದವರಲ್ಲ, ಯಾರ ಮೇಲೂ ಚಾಡಿ ಹೇಳಿದವರಲ್ಲ. ಯಜಮಾನರ ಕಣ್ಣಿಗೆ ಇವರೇ ಆದರ್ಶ ಕೆಲಸಗಾರರು. ಬಟ್ಟೆ ತೊಡಿಸಿ ನೋಡುವ ಈ ಬೊಂಬೆಯನ್ನು ನಾವು ಮೌನಗೌರಿ ಎಂದು ಕರೆಯುತ್ತೇವೆ.

ಇವರ ಮೈ ಯಾರದು? ಚಿಕ್ಕಮ್ಮನದು. ಅವಳಿಗೆ ಮೂವತ್ತಾಗಿದ್ದಾಗ, ಇಲ್ಲೇ ಹೊಲಿಯುತ್ತಿದ್ದ ನನ್ನಮ್ಮ ತನ್ನ ತಂಗಿಯ ಮೈಗೆ ಟೇಪು ಹಿಡಿದು, ಅದೇ ಅಳತೆಗೆ ಹತ್ತಿ ತುಂಬಿ ಮಾಡಿದ್ದು. ನಮ್ಮ ಕಸುಬಿನಲ್ಲೊಂದು ಕಟ್ಟಳೆಯಿದೆ: ತನ್ನ ಅಳತೆಯನ್ನು ತಾನೇ ತೆಗೆಯಬಾರದು. ಟೇಪು ನೋಡಲು ತಲೆ ಬಗ್ಗಿಸಿದಿರೋ, ಹೊಟ್ಟೆ ಮರ್ಯಾದೆಗೆ ಅಂಜಿ ಒಳಗೆ ಹೋಗುತ್ತದೆ. ಟೇಪಿನ ತುದಿ ಇನ್ನೊಬ್ಬರ ಕೈಯಲ್ಲಿರಬೇಕು. ಅಮ್ಮ ಹೋದ ಮೇಲೆ ಚಿಕ್ಕಮ್ಮ ಆ ತುದಿಯನ್ನು ಯಾರಿಗೂ ಕೊಡಲಿಲ್ಲ. ತನ್ನ ಬಟ್ಟೆಯನ್ನೂ ಬೊಂಬೆಯ ಅಳತೆಗೇ ಹೊಲಿದುಕೊಂಡಳು. ನಾವು ಆಸ್ಪತ್ರೆಗೆ ಹೊಲಿದುಕೊಡುವ ಸಿಸ್ಟರುಗಳ ಸಮವಸ್ತ್ರವೂ ಅದೇ ಅಳತೆಗೆ.

ನಮ್ಮ ಇಸ್ತ್ರಿ ಕೋಣೆಯನ್ನು ಮಧ್ಯಾಹ್ನ ನೋಡಿದ್ದೀರಾ? ಹಬೆ ಎದ್ದು, ಕಿಟಕಿಯ ಬೆಳಕಿಗೆ ಸಿಕ್ಕಿ, ಹಾಲಿನ ಹಾಗೆ ತೇಲುತ್ತದೆ. ನೇತುಹಾಕಿದ ಬಿಳಿ ಅಂಗಿಗಳು ಒಳಗೆ ಯಾರೋ ಇರುವ ಹಾಗೆ ತೋಳು ಆಡಿಸುತ್ತವೆ. ಅಂಥ ಹೊತ್ತಿನಲ್ಲಿ ಚಿಕ್ಕಮ್ಮ ಕತ್ತರಿ ಇಟ್ಟು ಮೌನಗೌರಿಯ ಭುಜ ಹಿಡಿದು ನಿಲ್ಲುತ್ತಿದ್ದಳು. ಕೊರಳೆಲ್ಲ ಕೆಂಪು, ಹಣೆಯಲ್ಲಿ ಬೆವರು. "ಮೈಯೊಳಗೆ ಯಾರೋ ಇಸ್ತ್ರಿಪೆಟ್ಟಿಗೆ ಮರೆತು ಹೋದ ಹಾಗಿದೆ ಕಣೇ." ನಿದ್ದೆ ಇಲ್ಲ. ಮುಟ್ಟು ಒಮ್ಮೆ ಬೇಗ, ಒಮ್ಮೆ ಪತ್ತೆಯೇ ಇಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಎಲ್ಲ ಹೆಂಗಸರಿಗೂ ಆಗೋದೇ. ನೀನು ನಿನ್ನ ಕಾಜಾ ನೋಡು." ಆ ಹಬೆಯಲ್ಲಿ ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂದು ನನಗೆ ಕೆಲವು ಸಲ ತಿಳಿಯುತ್ತಿರಲಿಲ್ಲ.

ಹೀಗಿರಲು ಒಂದು ದಿನ ನಮ್ಮ ಮುಖ್ಯ ಅತಿಥಿಗಳು ಸಮವಸ್ತ್ರಗಳ ಗಂಟು ಹೊತ್ತುಕೊಂಡು ಆಗಮಿಸಿದರು.

"ಇದು ನಮಗೆ ಹೊಲಿದದ್ದೋ, ನಮ್ಮ ಮಕ್ಕಳಿಗೋ? ಗುಂಡಿ ಹಾಕಿದರೆ ಉಸಿರು ಬಿಡೋ ಹಾಗಿಲ್ಲ, ಉಸಿರು ಬಿಟ್ಟರೆ ಗುಂಡಿ ಇರೋ ಹಾಗಿಲ್ಲ."

"ಅಳತೆ ಸರಿಯಾಗೇ ಇದೆ," ಎಂದಳು ಚಿಕ್ಕಮ್ಮ. "ನೀವು ಸರಿಯಾಗಿಲ್ಲ."

"ಐವತ್ತರ ಹತ್ತಿರ ಬಂದ ಮೇಲೆ ಯಾರು ಸರಿ ಇರ್ತಾರೆ ತಾಯಿ? ಒಳಮಡಿಕೆ ಬಿಚ್ಚಿ ಸ್ವಲ್ಪ ಸಡಿಲ ಮಾಡಿಕೊಡಿ."

"ಸಡಿಲ ಮಾಡಲ್ಲ."

ಯಜಮಾನರು ಓಡಿ ಬಂದರು. ಬೊಂಬೆಯ ಅಳತೆಯನ್ನು ಯಾರೂ ಮುಟ್ಟಬಾರದು ಎಂಬಂತೆ ಅವಳು ಅದಕ್ಕೆ ಅಡ್ಡ ನಿಂತಳು. ಇದು ಹಟವೇ? ಸೊಕ್ಕೇ? ನಾನಂತೂ ನಗಲು ಸಿದ್ಧಳಾಗಿದ್ದೆ.

"ನಮ್ಮಕ್ಕನಿಗೂ ಹೀಗೇ ಸಡಿಲ ಮಾಡಿಕೊಡ್ತಾ ಹೋದೆ," ಎಂದಳು.

ಇದನ್ನು ಇಲ್ಲಿ ಹೇಳಬೇಕು ಅಂದುಕೊಂಡಿರಲಿಲ್ಲ. ಇರಲಿ. ಅಮ್ಮನಿಗೂ ಇದೇ ವಯಸ್ಸಿನಲ್ಲಿ ಸೊಂಟ ಬಿಗಿಯಾಯಿತು. ಅವಳು ಬಟ್ಟೆ ತಂದುಕೊಡುವಳು, ಇವಳು ಒಳಮಡಿಕೆ ಬಿಚ್ಚಿ ಅರ್ಧ ಇಂಚು ಬಿಡುವಳು, ಇಬ್ಬರೂ ನಗುವರು. ಬಾಯಾರಿಕೆ ಎಂದರೆ ನೀರು ಕೊಟ್ಟೆವು, ಸುಸ್ತು ಎಂದರೆ ಕುರ್ಚಿ ಕೊಟ್ಟೆವು. ಬಿಚ್ಚಲು ಮಡಿಕೆಯೇ ಉಳಿಯದ ತನಕ ಯಾರೂ ಏಕೆ ಎಂದು ಕೇಳಲಿಲ್ಲ. ಸಕ್ಕರೆ ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ಕಿಡ್ನಿ ಸೋತಿತ್ತು.

ಸಿಸ್ಟರ್ ಗಂಟು ಕೆಳಗಿಟ್ಟರು. "ಮುಟ್ಟು ನಿಲ್ಲೋ ಕಾಲಕ್ಕೆ ಹಾರ್ಮೋನು ಏರಿಳಿದು ಕೊಬ್ಬು ಹೊಟ್ಟೆಗೆ ಬಂದು ಕೂರುತ್ತೆ, ಸಕ್ಕರೆ ಏರೋದೂ ಸುಲಭ. ಬಟ್ಟೆ ಆಮೇಲೆ ಸಡಿಲ ಮಾಡಿ, ಮೊದಲು ರಕ್ತ ಕೊಡಿ. ಈಗ ಕೈ ಎತ್ತಿ, ಸೊಂಟ ಅಳೀತೀನಿ."

ಚಿಕ್ಕಮ್ಮ ಕೈ ಎತ್ತಲಿಲ್ಲ. ನನ್ನ ಕಡೆ ತಿರುಗಿದಳು. "ಆ ತುದಿ ನೀನು ಹಿಡಿ."

ಹಿಡಿದೆ. ಟೇಪು ಎಷ್ಟು ತೋರಿಸಿತು? ಹೇಳಿದರೆ ಇವತ್ತು ಮನೆಯಲ್ಲಿ ನನಗೆ ಊಟವಿಲ್ಲ.

ರಕ್ತದಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿತ್ತು, ದಾಟಿರಲಿಲ್ಲ. ನಡೆಯಿರಿ, ಭಾರ ಎತ್ತಿ ಎಂದರು ಡಾಕ್ಟರು. ಈಗ ಬೆಳಗಾದರೆ ಕೈಗೊಂದು ಇಸ್ತ್ರಿಪೆಟ್ಟಿಗೆ ಎತ್ತುತ್ತಾ ಅವಳು ಹಬೆಯೊಳಗಿಂದ ನಡೆದು ಬರುತ್ತಾಳೆ. ಕಂಡವರು ದಾರಿ ಬಿಡುತ್ತಾರೆ, ಯಜಮಾನರೂ ಸೇರಿ.

ಫಲಿತಾಂಶ ಬಂದ ಮಧ್ಯಾಹ್ನ ಅವಳು ಹತ್ತಿ ತಂದಳು. ಅಮ್ಮ ಹಾಕಿದ ಹೊಲಿಗೆಯನ್ನು ಬಿಚ್ಚದೆ, ಅದರ ಮೇಲೆಯೇ ಪದರ ಪದರವಾಗಿ ಸುತ್ತಿದಳು. ಕಿಟಕಿ ತೆರೆದಿತ್ತು. ಎಷ್ಟೋ ವರ್ಷದಿಂದ ಬಿಗಿಹಿಡಿದ ಉಸಿರನ್ನು ಮೌನಗೌರಿ ಮೆಲ್ಲಗೆ ಬಿಟ್ಟ ಹಾಗೆ ಕಂಡಿತು. ಆಣೆ ಇಡುವುದಿಲ್ಲ, ಹಬೆಯಲ್ಲಿ ಏನೇನೋ ಕಾಣುತ್ತದೆ.

ಸಿಸ್ಟರ್ ಈ ದಿನ ಬರಿಗೈಯಲ್ಲಿ ಬಂದಿಲ್ಲ. ನಲವತ್ತು ದಾಟಿದ ಪ್ರತಿ ಹೆಂಗಸೂ ಅವರ ಮೇಜಿನ ಮುಂದೆ ಸೊಂಟದ ಅಳತೆ ಕೊಟ್ಟು, ಬೆರಳಿನ ಒಂದು ಹನಿ ರಕ್ತವನ್ನೂ ಕೊಡಬೇಕೆಂದು ವಿನಂತಿ. ವಿನಂತಿ ಎಂದು ಹಗುರಾಗಿ ತೆಗೆದುಕೊಳ್ಳಬೇಡಿ. ತಿಂಡಿಯ ಕೋಣೆಯ ಬೀಗದ ಕೈ ನನ್ನ ಜೇಬಿನಲ್ಲಿದೆ.

ಚಿಕ್ಕಮ್ಮ ಆಗಲೇ ಎದ್ದು ಹೋಗಿ ಮೇಜಿನ ಮುಂದೆ ನಿಂತಿದ್ದಾಳೆ, ನೋಡಿ. ಕೈ ಎತ್ತಿಯೂ ಆಯಿತು. ಟೇಪಿನ ಆ ತುದಿ ಹಿಡಿಯಲು ನಾನು ಹೋಗಬೇಕು. ಹಸಿದ ಹೊಟ್ಟೆಯಲ್ಲಿ ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮಗೆಲ್ಲ ವಂದನೆ. ಸಾಲಾಗಿ ಬನ್ನಿ, ನಮಸ್ಕಾರ.