ಪುಕುರಿನ ದಂಡೆಯಿಂದ ತಂದ ರಾಗ

ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಡುವೆ ನಗಬೇಡಿ. ಇದು ಯಾರೋ ಎಲ್ಲೋ ಕಂಡದ್ದಲ್ಲ. ನನ್ನ ಚಿಕ್ಕಪ್ಪನ ಮಗ ಮಾಧವನಿಗೆ ಕೋಲ್ಕತ್ತಾದಲ್ಲಿ ಆದದ್ದು, ಎರಡು ಸಾವಿರದ ಆರನೇ ಇಸವಿಯಲ್ಲಿ.

ಮಾಧವ ಧಾರವಾಡದವನು. ಕೋಲ್ಕತ್ತಾದ ಸಾಲ್ಟ್ ಲೇಕಿನಲ್ಲಿ ಸಾಫ್ಟ್‌ವೇರ್ ಚಾಕರಿ, ಮನೆಗೆ ಬಂದರೆ ಗಿಟಾರಿನ ಹುಚ್ಚು. ಆ ರಾತ್ರಿ ಆಫೀಸಿನ ಕಾರು ಅವನನ್ನೂ ಮೈಸೂರಿನ ನರಹರಿಯನ್ನೂ ಕಸ್ಬಾ ಬಡಾವಣೆಯ ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಯಿತು. ಇಬ್ಬರದೂ ಒಂದೇ ಗಲ್ಲಿ. ಗಲ್ಲಿಯ ನಡುವೆ ಒಂದು ಪುಕುರ್... ಅಂದರೆ ಕೊಳ. ನೀರಿಗಿಳಿಯಲು ಕಲ್ಲಿನ ಮೆಟ್ಟಿಲು, ದಂಡೆಗೆ ಒಂದು ಆಲದ ಮರ. ದೀಪ ಇಲ್ಲ.

ಟಿಣ್... ಟಿಣ್‌ಟಿಣ್... ಡುಂ.

ಮಾಧವ ನಿಂತುಬಿಟ್ಟ. "ಕೇಳಸ್ತೇನು?"

"ಏನು?"

"ಗಿಟಾರ್... ಆ ಮೆಟ್ಟಲ ಕಡಿಂದ."

ನರಹರಿ ಕಿವಿಗೊಟ್ಟ. "ಕಪ್ಪೆ ಕಣಯ್ಯಾ. ನಡಿ, ನಿದ್ದೆ ಬರ್ತಿದೆ."

ನೀವೋ ನಾನೋ ಆಗಿದ್ದರೆ ಅಲ್ಲಿಂದ ಕಾಲು ಕೀಳುತ್ತಿದ್ದೆವು. ಈ ಪುಣ್ಯಾತ್ಮ ಆ ರಾಗದ ತುಣುಕನ್ನು ಗುನುಗಿ ಬಾಯಿಪಾಠ ಮಾಡಿಕೊಂಡ! ರಸ್ತೆಯಲ್ಲಿ ಚಿನ್ನ ಬಿದ್ದಿದ್ದರೂ ಮುಟ್ಟದ ಹುಡುಗ. ರಾಗ ಬಿದ್ದಿದ್ದರೆ ಮಾತ್ರ ಯಾರದ್ದು ಅಂತ ಕೇಳುವುದಿಲ್ಲ. ಗಿಟಾರಿನವರೆಲ್ಲ ಹೀಗೇ.

ಹೆಂಡತಿ ಜಲಜಾ ತನ್ನ ಸಂಶೋಧನೆಯ ಕೆಲಸಕ್ಕೆ ಖರಗ್‌ಪುರಕ್ಕೆ ಹೋಗಿದ್ದಳು, ಬೆಳಗಿನ ಮೊದಲ ರೈಲಿಗೆ ಬರುವವಳು. ನಾಲ್ಕು ವರ್ಷದ ಮಗಳು ಖುಷಿ ಕೆಳಗಿನ ಮನೆಯ ಬಂಗಾಳಿ ಅಜ್ಜಿ, ಎಲ್ಲರೂ ಮಾಸಿಮಾ ಅನ್ನುವವರು, ಅವರ ಹತ್ತಿರ ಮಲಗಿದ್ದಳು. ಮಾಸಿಮಾಗೆ ಕಿವಿ ಮಂದ, ಮನಸ್ಸು ಮಾತ್ರ ಬೆಣ್ಣೆ. ಮಾಧವ ಮಗುವನ್ನು ಎತ್ತಿ ತಂದು ಮೇಲಿನ ಕೋಣೆಯ ಮಂಚದಲ್ಲಿ ಮಲಗಿಸಿದ. ನೆಗಡಿಯಾಗಿತ್ತು ಅದಕ್ಕೆ. ಗೊರ್... ಗೊರ್... ಎಂದು ಉಸಿರಾಡುತ್ತಿತ್ತು.

ಅದೇ ಕೋಣೆಯಲ್ಲಿ ಅವನದೊಂದು ಲೂಪ್ ಪೆಡಲ್ ಇತ್ತು. ಕಾಲಲ್ಲಿ ಒತ್ತುವ ಡಬ್ಬಿ. ಒಮ್ಮೆ ಒತ್ತಿ ನುಡಿಸಿದರೆ ಹಿಡಿದಿಟ್ಟುಕೊಳ್ಳುತ್ತದೆ, ಮತ್ತೊಮ್ಮೆ ಒತ್ತಿದರೆ ಅದನ್ನೇ ತಿರುತಿರುಗಿ ನುಡಿಸುತ್ತದೆ, ನಾವು ನಿಲ್ಲಿಸುವ ತನಕ. ಅದರ ಮೇಲೆ ಇನ್ನೊಂದು ಪದರ ನುಡಿಸಬಹುದು, ಮತ್ತೊಂದು ನುಡಿಸಬಹುದು. ಹೀಗೆ ಒಬ್ಬನೇ ಕೂತು ನಾಲ್ಕು ಜನರ ಕಛೇರಿ ಮಾಡುತ್ತಿದ್ದ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ.

ಕೊಳದ ತುಣುಕನ್ನೇ ಮೊದಲ ಪದರ ಮಾಡಿದ. ಟಿಣ್... ಟಿಣ್‌ಟಿಣ್... ಡುಂ. ಸ್ಪೀಕರಿನಲ್ಲಿ ತಿರುಗತೊಡಗಿತು. ಅದರ ಮೇಲೆ ಮನಸ್ಸಿಗೆ ಬಂದದ್ದನ್ನೆಲ್ಲ ನುಡಿಸಿದ. ಅಷ್ಟು ಚೆನ್ನಾಗಿ ಅವನು ಜನ್ಮದಲ್ಲಿ ನುಡಿಸಿರಲಿಲ್ಲವಂತೆ. ಹಿಗ್ಗಿನಲ್ಲಿ ಪೆಡಲ್ ಒತ್ತಿ ನಿಲ್ಲಿಸಿದ.

ಫ್ಯಾನಿನ ಸದ್ದು. ಅಷ್ಟೇ.

ಗೊರ್ ಗೊರ್ ಇಲ್ಲ.

ಓಡಿ ಹೋಗಿ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟ. ಗಾಳಿ ಆಡುತ್ತಿಲ್ಲ. ಎದೆ ಏಳುತ್ತಿಲ್ಲ. "ಖುಷೀ... ಏ ಖುಷೀ..." ಅಲುಗಾಡಿಸಿದ. ಗಾಬರಿಯಲ್ಲಿ ಹಿಂದೆ ಸರಿದಾಗ ಕಾಲು ಪೆಡಲ್ ಮೇಲೆ ಬಿತ್ತು. ಟಿಣ್... ಟಿಣ್‌ಟಿಣ್... ಡುಂ.

ಗೊರ್... ಗೊರ್...

 ಭ್ರಮೆ ಇರಬೇಕು ಅಂತ ಎದೆ ಗಟ್ಟಿ ಮಾಡಿ ಇನ್ನೊಮ್ಮೆ ನಿಲ್ಲಿಸಿದ. ಉಸಿರು ನಿಂತಿತು. ಒತ್ತಿದ. ಬಂತು. ಮೂರನೇ ಸಲ ಪರೀಕ್ಷೆ ಮಾಡುವ ಧೈರ್ಯ ಯಾವ ಅಪ್ಪನಿಗಿದೆ?

ಮಗುವನ್ನು ಎತ್ತಿಕೊಂಡು ಬಾಗಿಲು ದಾಟಿದ. ಎರಡು ಮೆಟ್ಟಿಲು ಇಳಿದು ಸದ್ದು ಸಣ್ಣಗಾಗುತ್ತಿದ್ದಂತೆ ಅವಳ ಕುತ್ತಿಗೆ ಜೋತುಬಿತ್ತು. ಓಡಿ ವಾಪಸ್ ಬಂದ. ಮಾಸಿಮಾ ಅವರನ್ನು ಕೂಗಿದ, ಅವರಿಗೆಲ್ಲಿ ಕೇಳಬೇಕು! ಡಾಕ್ಟರನ್ನು ಕರೆಯಲೇ ಅಂದುಕೊಂಡ. ಬಂದವರು ಮೊದಲು ಮಾಡುವ ಕೆಲಸವೇ ಆ ಗದ್ದಲ ನಿಲ್ಲಿಸುವುದು. ಬೇಡ. ಜಲಜಾಗೆ ಫೋನ್ ಮಾಡಿದ.

"ಜಲಜಾ... ಲಗೂನ ಬಾ."

"ಯಾಕ್ರೀ? ಯಾಕ ಪಿಸುಪಿಸು ಅಂತೀರಿ? ಖುಷಿ ಎಲ್ಲಿ?"

"ಮಲಗ್ಯಾಳ... ನೀ ಬಾ. ಬಂದ್ರ ಏನೂ ಬಂದ್ ಮಾಡಬ್ಯಾಡ."

ಹಾಗೇ ಕೂತ. ತಾನೇ ಹೆಣೆದ ಬಲೆಯೊಳಗೆ ತಾನೇ. ಬಾಗಿಲು ತೆರೆದಿತ್ತು ಮಾರಾಯರೇ, ಹೊರಗೆ ಹೋಗುವ ಹಾಗಿರಲಿಲ್ಲ! ಹೋಗಿ ಬಾಗಿಲನ್ನು ಮುಂದೆ ಮಾಡಿ ಬಂದ. ಆ ರಾಗ ಈಗ ಅವನಿಗೆ ವಿಷವಾಗಿತ್ತು. ಆದರೂ ಅದು ತಪ್ಪದಿರಲಿ ಅಂತ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದ.

ಆಗ ಪಟ್ ಅಂತ ಕರೆಂಟ್ ಹೋಯಿತು.

ಲೋಡ್ ಶೆಡ್ಡಿಂಗ್. ಸ್ಪೀಕರ್ ಸತ್ತಿತು, ಫ್ಯಾನ್ ಕಿರ್... ಕಿರ್... ಎಂದು ನಿಂತಿತು. ಕಗ್ಗತ್ತಲು. ಉಸಿರಿಲ್ಲ. ಮಾಧವ ತಡಕಾಡಿ ಗಿಟಾರು ಎಳೆದುಕೊಂಡ. ಪುಣ್ಯಕ್ಕೆ ಮರದ ಗಿಟಾರು, ಕರೆಂಟಿಲ್ಲದೆಯೂ ನುಡಿಯುತ್ತದೆ. ಅದೇ ತುಣುಕು... ಅದೇ ತಾಳ...

ಗೊರ್... ಗೊರ್...

ಅಲ್ಲಿಂದ ಅವನೇ ಲೂಪ್ ಆದ. ಬೆರಳು ಒಡೆದು ರಕ್ತ ಬಂತು, ನುಡಿಸಿದ. ಭುಜ ಮರಗಟ್ಟಿತು, ನುಡಿಸಿದ. ಸೊಳ್ಳೆ ಹೊಡೆಯಲೂ ಕೈ ಬಿಡುವಂತಿಲ್ಲ. "ನಿದ್ದಿ ಬ್ಯಾಡ ನನ್ನಪ್ಪಾ, ನಿದ್ದಿ ಬ್ಯಾಡ" ಅಂತ ತನಗೆ ತಾನೇ ಹೇಳಿಕೊಳ್ಳುತ್ತ ಅಳುತ್ತಿದ್ದನಂತೆ. ಕಿಟಕಿ ಬೆಳ್ಳಗಾಗುವುದನ್ನು ಕಂಡದ್ದು ನೆನಪು. ಆಮೇಲೆ ನೆನಪಿಲ್ಲ.

ಎಚ್ಚರಾದಾಗ ಕೋಣೆ ನಿಶ್ಶಬ್ದ. ಗಿಟಾರು ತೊಡೆಯ ಮೇಲಿಲ್ಲ, ಮಾರು ದೂರ ಗೋಡೆಗೆ ಒರಗಿತ್ತು. ಬಾಗಿಲಲ್ಲಿ ಜಲಜಾ. ಅವನಿಗೆ ಅರ್ಥವಾದದ್ದು ಒಂದೇ... ತಾನು ನಿಲ್ಲಿಸಿಬಿಟ್ಟೆ. ಮಂಚದ ಕಡೆ ತಿರುಗಲು ಆಗಲಿಲ್ಲ. 

"ಮಮ್ಮೀ... ಭೂಖ್ ಲಗೀ ಹೈ."

ಅಲ್ಲಿ ಕಲಿತ ಹಿಂದಿಯಲ್ಲಿ ಹಸಿವು ಅನ್ನುತ್ತ, ಖುಷಿ ಕಣ್ಣುಜ್ಜುತ್ತ ಎದ್ದು ಕೂತಿದ್ದಳು. ಮಾಧವ ಅವಳನ್ನು ತಬ್ಬಿಕೊಂಡು ಹೋ ಎಂದು ಅತ್ತುಬಿಟ್ಟ.

ಜಲಜಾಗೆ ಸಿಟ್ಟು. "ರಾತ್ರಿಯಿಡೀ ಬಾರಿಸಿ ಈಗ ಅಳತೀರೇನ್ರೀ? ಗಲ್ಲೀ ಮೂಲ್ಯಾಗಿಂದ ಕೇಳ್ಕೋತ ಬಂದೀನಿ."

"ಯಾವಾಗ?"

"ಈಗ! ಬಾಗಲಾ ದೂಡೂ ತನಕಾ ಬಾರಸ್ತಿದ್ರಲ್ಲ."

"ನಾ ಮಲಗಿದ್ದೆ, ಜಲಜಾ."

ಇಬ್ಬರೂ ಗಿಟಾರಿನ ಕಡೆ ನೋಡಿದರು. ಅವತ್ತೇ ಮನೆ ಖಾಲಿ ಮಾಡಿ ನರಹರಿಯ ಮನೆ ಸೇರಿದರು. ಗಿಟಾರನ್ನು ಮಾತ್ರ ಮಾಧವ ಬಿಸಾಡಲಿಲ್ಲ. ಮಗಳ ಉಸಿರು ಉಳಿಸಿದ್ದು ಅದೇ ತಾನೇ. ಆ ವರ್ಷ ನಾನು ಹೋದಾಗ ಪೆಟ್ಟಿಗೆ ತೆಗೆದು ತೋರಿಸಿದ, ತಾನು ಮುಟ್ಟಲಿಲ್ಲ. ನಾನು ಮುಟ್ಟಿ ನೋಡಿದೆ, ಆಣೆ ಮಾಡಿ ಹೇಳುತ್ತೇನೆ. ಮಾಧವ ಬಲಗೈಯವನು. ಗಿಟಾರಿನ ಆರೂ ತಂತಿಗಳನ್ನು ಬಿಚ್ಚಿ ತಿರುಗಾಮುರುಗಾ ಕಟ್ಟಲಾಗಿತ್ತು... ದಪ್ಪದ್ದು ಇರುವಲ್ಲಿ ಸಣ್ಣದು, ಸಣ್ಣದು ಇರುವಲ್ಲಿ ದಪ್ಪದ್ದು. ಎಡಗೈಯಲ್ಲಿ ನುಡಿಸುವವರು ಹಾಗೆ ಕಟ್ಟಿಕೊಳ್ಳುತ್ತಾರೆ.